ರೂತ್ ಬ್ರೌನ್: ಐದು ನಂಬರ್ ಒನ್ ಹಾಡು ಕೊಟ್ಟವರ ಖಾತೆಯಲ್ಲಿ ಬಾಕಿ ಉಳಿದದ್ದು ಹೇಗೆ?

ಪ್ಲೇಟುಪುರಾಣ:

ರಿದಮ್ ಅಂಡ್ ಬ್ಲೂಸ್ (ಅಮೆರಿಕದ ಕಪ್ಪುಜನರ ಜನಪ್ರಿಯ ಸಂಗೀತ) ಅಂದರೆ ಇಲ್ಲಿ ಮಾತು ರೇ ಚಾರ್ಲ್ಸ್‌ನಿಂದ ಶುರುವಾಗಿ ಅರೀಥಾ ಫ್ರಾಂಕ್ಲಿನ್ ಹತ್ತಿರ ಮುಗಿದುಹೋಗುತ್ತೆ. ಇಬ್ಬರೂ ಹೆಸರು ಮಾಡಿದ್ದು ಅಟ್ಲಾಂಟಿಕ್ ಎಂಬ ರೆಕಾರ್ಡ್ ಕಂಪನಿಯಲ್ಲಿ. ಆದರೆ ಆ ಕಂಪನಿ ಕಾಲೂರಿ ನಿಂತದ್ದು ಅವರಿಬ್ಬರಿಗಿಂತ ಮುಂಚೆ ಬಂದ ಗಾಯಕಿ ರೂತ್ ಬ್ರೌನ್ ದುಡಿಮೆಯ ಮೇಲೆ. ನ್ಯೂಯಾರ್ಕಿನ ಯಾಂಕಿ ಸ್ಟೇಡಿಯಮ್ಮನ್ನು ಬೇಸ್‌ಬಾಲ್ ಆಟಗಾರ ಬೇಬ್ ರೂತ್ ನೆನಪಲ್ಲಿ ‘ರೂತ್ ಕಟ್ಟಿದ ಮನೆ’ ಅಂತಿದ್ದರು. ಅದೇ ಮಾತನ್ನು ಜನ ಅಟ್ಲಾಂಟಿಕ್‌ಗೂ ಅಂಟಿಸಿದರು. ಇಷ್ಟಾಗಿಯೂ 1980ರ ದಶಕದಲ್ಲಿ ಆಕೆ ಲೆಕ್ಕ ಕೇಳಿದಾಗ ಕಂಪನಿಯ ಪುಸ್ತಕದಲ್ಲಿ ಆಕೆಯ ಹೆಸರಿನಲ್ಲಿ ಇದ್ದದ್ದು ಜಮೆಯಲ್ಲ, ಆಕೆಯೇ ಕಂಪನಿಗೆ ಕೊಡಬೇಕಾದ ಸುಮಾರು 30,000 ಡಾಲರ್ ಬಾಕಿ.

ಮೊದಲು ಹಿನ್ನೆಲೆ. ರೂತ್ ಆಲ್‌ಸ್ಟನ್ ವೆಸ್ಟನ್ ಹುಟ್ಟಿದ್ದು 1928ರ ಜನವರಿ 12, ವರ್ಜೀನಿಯಾದ ಪೋರ್ಟ್ಸ್‌ಮತ್ ಬಂದರು ಊರಿನಲ್ಲಿ. ಏಳು ಮಕ್ಕಳಲ್ಲಿ ಹಿರಿಯವರು. ತಂದೆ ಹಡಗುಕಟ್ಟೆಯ ಕೂಲಿ, ಭಾನುವಾರ ಚರ್ಚಿನ ಗಾಯನಮೇಳ ನಡೆಸುತ್ತಿದ್ದವರು. ಮಗಳಿಗೆ ಚರ್ಚಿನ ಹಾಡಿಗಿಂತ ಜಾಝ್ ಗಾಯಕಿಯರಾದ ಸಾರಾ ವಾನ್, ಬಿಲ್ಲಿ ಹಾಲಿಡೇ ಹಿಡಿಸಿದ್ದರು. 1945ರಲ್ಲಿ ಜಿಮ್ಮಿ ಬ್ರೌನ್ ಎಂಬ ಟ್ರಂಪೆಟ್ ವಾದಕನ ಜೊತೆ ಮನೆ ಬಿಟ್ಟು ಹೋದರು. ಬ್ರೌನ್ ಎಂಬ ಹೆಸರು ಬಂದದ್ದು ಅಲ್ಲಿಂದ. ಲಕ್ಕಿ ಮಿಲಿಂಡರ್ ವಾದ್ಯತಂಡದಲ್ಲಿ ಒಂದು ತಿಂಗಳು ಇದ್ದು, ವಾಷಿಂಗ್ಟನ್ನಿನಲ್ಲಿ ಕೆಲಸ ಕಳೆದುಕೊಂಡರು. ಜಾಝ್ ತಂಡದ ನಾಯಕ ಕ್ಯಾಬ್ ಕ್ಯಾಲೊವೇಯ ಅಕ್ಕ ಬ್ಲಾಂಚ್ ಕ್ಯಾಲೊವೇ ಅದೇ ಊರಿನ ಕ್ರಿಸ್ಟಲ್ ಕ್ಯಾವರ್ನ್ಸ್ ಕ್ಲಬ್ಬಿನಲ್ಲಿ ಹಾಡಲು ಜಾಗ ಮಾಡಿಕೊಟ್ಟರು, ಮುಂದೆ ಮ್ಯಾನೇಜರೂ ಆದರು. ರೇಡಿಯೋದ ವಿಲ್ಲಿಸ್ ಕಾನೋವರ್ ಅಲ್ಲಿ ಹಾಡು ಕೇಳಿ ಅಟ್ಲಾಂಟಿಕ್‌ಗೆ ಸುದ್ದಿ ಮುಟ್ಟಿಸಿದರು.

1948ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿಗೆ ಹೊರಟ ಕಾರು ಪೆನ್ಸಿಲ್ವೇನಿಯಾದ ಚೆಸ್ಟರ್ ಬಳಿ ಅಪಘಾತಕ್ಕೀಡಾಯಿತು. ಕಾಲು ಮುರಿಯಿತು, ತಿಂಗಳುಗಟ್ಟಲೆ ಆಸ್ಪತ್ರೆ. 21ನೇ ಹುಟ್ಟುಹಬ್ಬದ ದಿನ, 1949ರ ಜನವರಿ 12ರಂದು, ಹಾಸಿಗೆಯಲ್ಲಿದ್ದಂತೆಯೇ ಅಟ್ಲಾಂಟಿಕ್ ಕರಾರಿಗೆ ಸಹಿ ಹಾಕಿದರು. ನನಗೆ ಬೇಕಾದದ್ದು ಆ ಕರಾರಿನ ಒಳಗಿನ ಲೆಕ್ಕ. ಗೊತ್ತಿದ್ದವರು ಬಿಡಿಸಿ ಹೇಳಿ.

ಖಾತೆ_ಕಿರ್ದಿ:

ಕರಾರಿನ ತಿರುಳು ಎರಡೇ ಸಾಲು. ಪ್ಲೇಟಿನ (ಗ್ರಾಮಾಫೋನ್ ರೆಕಾರ್ಡಿನ) ಒಂದು ಮಗ್ಗುಲಿಗೆ, ಅಂದರೆ ಒಂದು ಹಾಡಿಗೆ, 69 ಡಾಲರ್ ಮುಂಗಡ. ಮೇಲೆ ಶೇ. 5 ರಾಯಲ್ಟಿ, ಅಂದರೆ ಮಾರಾಟದ ಹಣದಲ್ಲಿ ಪಾಲು. ಆ ಕಾಲಕ್ಕೆ ಶೇ. 5 ಕಡಿಮೆಯಲ್ಲ. ಕಪ್ಪು ಗಾಯಕರಿಗೆ ಬರೀ ಒಂದು ಬಾರಿಯ ಹಣ ಕೊಟ್ಟು ಕಳಿಸುತ್ತಿದ್ದ ಕಂಪನಿಗಳು ಬೇಕಾದಷ್ಟಿದ್ದವು. ಪೆಟ್ಟು ಬೀಳುವುದು ಶೇಕಡಾವಾರಿನಲ್ಲಲ್ಲ, ಯಾವ ಖರ್ಚನ್ನು ಯಾರ ಲೆಕ್ಕಕ್ಕೆ ಬರೆಯುತ್ತಾರೆ ಅನ್ನುವಲ್ಲಿ.

ಮಾದರಿ ಲೆಕ್ಕ ಹಾಕಿ ನೋಡೋಣ. ಕರಾರಿನ ದರ ಬಿಟ್ಟರೆ ಇಲ್ಲಿನ ಅಂಕಿಗಳೆಲ್ಲ ನಾನು ಊಹಿಸಿಕೊಂಡವು, ಪದ್ಧತಿ ಮಾತ್ರ ಆ ಕಾಲದ್ದು.

ಒಂದು ಪ್ಲೇಟಿಗೆ 90 ಸೆಂಟ್ ಬೆಲೆ ಅಂತಿಟ್ಟುಕೊಳ್ಳಿ. ರಾಯಲ್ಟಿ ಪೂರ್ತಿ ಮಾರಾಟದ ಮೇಲಲ್ಲ, ಶೇ. 90ರ ಮೇಲೆ ಮಾತ್ರ. ಅರಗಿನಿಂದ ಮಾಡಿದ ಶೆಲಾಕ್ ಪ್ಲೇಟು ಸಾಗಾಟದಲ್ಲಿ ಒಡೆಯುತ್ತಿದ್ದ ಕಾಲದ ‘ಒಡಕಿನ ಕಡಿತ’ ಅದು. ಒಡೆಯದ ವಿನೈಲ್ ಬಂದ ಮೇಲೂ ಎಷ್ಟೋ ವರ್ಷ ಕರಾರುಗಳಲ್ಲಿ ಹಾಗೇ ಉಳಿಯಿತು. ಹಾಗಾಗಿ 81 ಸೆಂಟಿನ ಶೇ. 5, ಅಂದರೆ 4.05 ಸೆಂಟ್. ಒಂದು ಲಕ್ಷ ಪ್ಲೇಟು ಹೋದರೆ 4,050 ಡಾಲರ್.

ಈಗ ಖರ್ಚು. ಸಂಗೀತಗಾರರ ಸಂಘದ ನಿಯಮದಂತೆ ಒಂದು ರೆಕಾರ್ಡಿಂಗ್ ಸರದಿ ಮೂರು ಗಂಟೆ, ಅದರಲ್ಲಿ ನಾಲ್ಕು ಹಾಡು ಮುಗಿಸುವುದು ವಾಡಿಕೆ. ವಾದ್ಯದವರ ಕೂಲಿ, ಅರೇಂಜರ್, ಸ್ವರಲಿಪಿ ನಕಲು ಮಾಡುವವರು, ಸ್ಟುಡಿಯೋ ಎಲ್ಲ ಸೇರಿ ಸರದಿಗೆ 1,200 ಡಾಲರ್ ಅಂದುಕೊಳ್ಳಿ. ವರ್ಷಕ್ಕೆ ಎರಡು ಸರದಿ, 2,400. ಎಂಟು ಹಾಡಿಗೆ 69ರಂತೆ ಮುಂಗಡ 552. ಒಟ್ಟು 2,952. ಎಂಟು ಹಾಡಿಗೆ ನಾಲ್ಕು ಪ್ಲೇಟು. ಒಂದು ಗೆದ್ದು ಲಕ್ಷ ಹೋಯಿತು, ಉಳಿದ ಮೂರು ಐದೈದು ಸಾವಿರ ಹೋದವು ಅನ್ನಿ. ಮೂರರಿಂದ 607.50. ಒಟ್ಟು ಹುಟ್ಟುವಳಿ 4,657.50, ಕೈಗೆ ಉಳಿಯುವುದು 1,705.50. ಒಂದು ಲಕ್ಷಕ್ಕೂ ಹೆಚ್ಚು ಪ್ಲೇಟು ಮಾರಿದ ವರ್ಷದ ಗಳಿಕೆ ಇದು!

ಗಮನಿಸಬೇಕಾದದ್ದು ಎರಡು. ಒಂದು, ಗೆದ್ದ ಹಾಡಿನ ಹಣ ಸೋತ ಹಾಡುಗಳ ಖರ್ಚು ತುಂಬಲು ಹೋಗುತ್ತೆ, ಏಕೆಂದರೆ ಖಾತೆ ಒಂದೇ. ಎರಡು, ಎಲ್ಲ ಖರ್ಚನ್ನೂ ಗಾಯಕಿಯ ಶೇ. 5ರಿಂದಲೇ ಮುರಿದುಕೊಳ್ಳುತ್ತಾರೆ. ಖರ್ಚು ತೀರಿದ ಮೇಲೂ ಮೂಲ ಧ್ವನಿಮುದ್ರಣ ಕಂಪನಿಯ ಸ್ವತ್ತಾಗಿಯೇ ಇರುತ್ತೆ. ಮನೆ ಕಟ್ಟಿದ ಸಾಲ ಬಾಡಿಗೆದಾರ ತೀರಿಸಿದ, ಹಕ್ಕುಪತ್ರ ಮಾತ್ರ ಮಾಲೀಕನ ಹೆಸರಲ್ಲಿ, ಹಾಗೆ.

ಕಟ್ಟೆಹರಟೆ:

ಲೆಕ್ಕ ಸರಿ, ಆದರೆ ಒಂದು ಮಾತು. ಅಟ್ಲಾಂಟಿಕ್ ಆಸ್ಪತ್ರೆ ಖರ್ಚಿಗೆ ನೆರವಾಗಿತ್ತು. ಕಂಪನಿಯ ಅಹ್ಮೆತ್ ಎರ್ಟೆಗುನ್ ಆಸ್ಪತ್ರೆಗೇ ಹೋಗಿ ಸ್ವರ ಓದುವುದನ್ನು ಕಲಿಯಲು ಪುಸ್ತಕ ಕೊಟ್ಟು ಬಂದಿದ್ದರು. ಇನ್ನೂ ಒಂದು ಹಾಡು ಹಾಡದವರಿಗೆ ಅಷ್ಟು ಮಾಡಿದ ಕಂಪನಿಯನ್ನು ಬರೀ ಕಳ್ಳರ ಗುಂಪು ಅನ್ನುವುದು ನ್ಯಾಯವಲ್ಲ. 1947ರಲ್ಲಿ ದಂತವೈದ್ಯ ವಾಹ್ದಿ ಸಾಬಿತ್ ಕೊಟ್ಟ 10,000 ಡಾಲರ್ ಬಂಡವಾಳದಲ್ಲಿ ಶುರುವಾದ ಸಂಸ್ಥೆ ಅದು. ಪಶ್ಚಿಮ 56ನೇ ರಸ್ತೆಯ ಕಚೇರಿಯಲ್ಲಿ ಸಂಜೆ ಮೇಜುಗಳನ್ನು ಗೋಡೆಗೆ ತಳ್ಳಿ ಅಲ್ಲೇ ರೆಕಾರ್ಡ್ ಮಾಡುತ್ತಿದ್ದರು. ದುಡ್ಡಿನ ದೊಡ್ಡ ಗಿರಣಿಯಲ್ಲ.

ಖಾತೆ_ಕಿರ್ದಿ:

ಕಳ್ಳರು ಅಂತ ನಾನೆಲ್ಲಿ ಅಂದೆ ಸಾರ್? ಆ ಕರಾರಿನ ಒಂದೊಂದು ಕಲಮೂ ಆ ಉದ್ಯಮದ ವಾಡಿಕೆ. ಒಳ್ಳೆಯವರು ವಾಡಿಕೆಯಂತೆ ನಡೆದುಕೊಂಡರೂ ಲೆಕ್ಕ ಹೀಗೇ ಬರುತ್ತೆ ಅನ್ನುವುದೇ ನನ್ನ ಮಾತು. 1967ರಲ್ಲಿ ವಾರ್ನರ್–ಸೆವೆನ್ ಆರ್ಟ್ಸ್ ಎಂಬ ಸಿನಿಮಾ ಕಂಪನಿ ಇದೇ ಅಟ್ಲಾಂಟಿಕ್ಕನ್ನು 1.75 ಕೋಟಿ ಡಾಲರಿಗೆ ಕೊಂಡಿತು. ಆ ಬೆಲೆಯ ಒಂದು ಪಾಲು ಹಳೆಯ ಧ್ವನಿಮುದ್ರಣಗಳದ್ದು. ಅದನ್ನು ಹಾಡಿದವರಿಗೆ ಮಾರಾಟದಲ್ಲಿ ಬಿಡಿಗಾಸು ಬರಲಿಲ್ಲ, ಬರಬೇಕೆಂದು ಕರಾರಿನಲ್ಲಿಯೂ ಇರಲಿಲ್ಲ.

ಷಡ್ಜಪಂಚಮ:

ಹಣದ ಮಾತಿಗೆ ಮುಂಚೆ ಹಾಡು ಬರಲಿ. ಮಾರಿದ ಸರಕು ಏನೆಂದೇ ಹೇಳದೆ ಲೆಕ್ಕ ಬರೆಯುತ್ತಿದ್ದೀರಿ.

ಮೊದಲ ಸರದಿ 1949ರ ಮೇ ತಿಂಗಳಲ್ಲಿ, ಎಡ್ಡಿ ಕಾಂಡನ್ ತಂಡದ ಜೊತೆ. ರೂತ್ ಇನ್ನೂ ಊರುಗೋಲಿನಲ್ಲಿದ್ದರು. ‘ಸೋ ಲಾಂಗ್’ ನಿಧಾನದ ವಿರಹದ ಹಾಡು, ಗೆದ್ದಿತು. ಆಕೆಗೆ ಇಷ್ಟವಿದ್ದದ್ದೂ ಅಂಥ ಹಾಡುಗಳೇ. ಆಮೇಲಿನ ಕೆಲವು ಪ್ಲೇಟು ಅಷ್ಟಕ್ಕಷ್ಟೆ. 1950ರಲ್ಲಿ ರೂಡಿ ಟೂಂಬ್ಸ್ ಬರೆದ ‘ಟಿಯರ್‌ಡ್ರಾಪ್ಸ್ ಫ್ರಮ್ ಮೈ ಐಸ್’ ಕೊಟ್ಟು, ಬಡ್ ಜಾನ್ಸನ್ ಕೈಲಿ ವಾದ್ಯಸಂಯೋಜನೆ ಮಾಡಿಸಿ, ವೇಗ ಏರಿಸಿದರು. 11 ವಾರ ನಂಬರ್ ಒನ್. ಅಟ್ಲಾಂಟಿಕ್‌ನ ಮೊದಲ 45 ಆರ್‌ಪಿಎಂ (ನಿಮಿಷಕ್ಕೆ 45 ಸುತ್ತು) ಪ್ಲೇಟು ಅಂತ ಹೆಸರಿಸುವುದೂ ಇದನ್ನೇ.

ಆಕೆಯ ಗುರುತು ಸಾಲಿನ ಕೊನೆಯ ಕೀರಲು. ಎದೆಯ ಸ್ವರದಲ್ಲಿ ತುಂಬಿ ಹಾಡುತ್ತ ಬಂದು, ಕೊನೆಯ ಅಕ್ಷರದ ಸ್ವರ ಇನ್ನೇನು ಮುಗಿಯಬೇಕು ಅನ್ನುವಾಗ ದನಿ ಒಡೆದು ಚಿಟಿಕೆ ಹೊತ್ತು ತೆಳುವಾದ ಮೇಲಿನ ದನಿಗೆ, ಅಂದರೆ ತಲೆಯ ಸ್ವರಕ್ಕೆ, ಜಿಗಿಯುತ್ತೆ. ಅಷ್ಟೆ, ಅಲ್ಲಿಗೆ ನಿಂತುಹೋಗುತ್ತೆ. ಅನುಕರಿಸುವವರು ತಪ್ಪುವುದು ಇಲ್ಲೇ. ಜಿಗಿದ ಮೇಲೆ ಆ ಸ್ವರವನ್ನು ಹಿಡಿದು ನಿಲ್ಲಿಸುತ್ತಾರೆ, ಆಗ ಅದು ಯೋಡಲ್ (ದನಿಯನ್ನು ಮೇಲೆ ಕೆಳಗೆ ಜಿಗಿಸುವ ಹಾಡು) ಆಗಿಬಿಡುತ್ತೆ. ಇಲ್ಲವೇ ಜೋರು ಮಾಡಿ ಒಡೆಯುತ್ತಾರೆ, ಆಗ ಕಿರುಚಾಟ. ರೂತ್ ಒಡೆಯುವ ಮುನ್ನ ಉಸಿರಿನ ಒತ್ತಡ ಇಳಿಸುತ್ತಾರೆ. ಬಿಕ್ಕು ಬಂದಂತೆ ಕೇಳುವುದು ಅದಕ್ಕೇ. ಇನ್ನೊಂದು ಸಂಗತಿ, ಪ್ರತಿ ಸಾಲಿಗೂ ಹಾಕುವುದಿಲ್ಲ. ಊಟದ ಎಲೆಯ ಉಪ್ಪಿನಕಾಯಿ ಥರ ಎಷ್ಟು ಬೇಕೋ ಅಷ್ಟು.

1952ರಲ್ಲಿ ‘5-10-15 ಅವರ್ಸ್’. ಇದೂ ಟೂಂಬ್ಸ್ ಬರೆದದ್ದೇ. ಮೊದಲು ಗಂಟೆಗಳ ಬದಲು ನಿಮಿಷಗಳಿದ್ದವು. ಹಿಂದಿನ ವರ್ಷವಷ್ಟೇ ಡಾಮಿನೋಸ್ ತಂಡದ ‘ಸಿಕ್ಸ್ಟಿ ಮಿನಿಟ್ ಮ್ಯಾನ್’ ಗೆದ್ದಿತ್ತು. ಅರವತ್ತು ನಿಮಿಷದವನ ಮುಂದೆ ಹದಿನೈದು ನಿಮಿಷ ಯಾವ ಲೆಕ್ಕ ಅಂತ ನಿಮಿಷ ಹೋಗಿ ಗಂಟೆ ಬಂತು.

1953ರ ‘ಮಾಮಾ, ಹೀ ಟ್ರೀಟ್ಸ್ ಯುವರ್ ಡಾಟರ್ ಮೀನ್’ ಐದು ವಾರ ಮೊದಲ ಸ್ಥಾನದಲ್ಲಿತ್ತು, ಬಿಳಿಯರ ಪಾಪ್ ಪಟ್ಟಿಯಲ್ಲಿಯೂ 23ಕ್ಕೆ ಬಂತು. ಅಮ್ಮನ ಹತ್ತಿರ ಗಂಡನ ಮೇಲೆ ದೂರು ಹೇಳುವ ಹಾಡು. ನಮ್ಮ ಬೀಸುಕಲ್ಲಿನ ಪದ ಕೇಳಿದವರಿಗೆ ಈ ಧಾಟಿ ಹೊಸದೇನಲ್ಲ. ಮೊದಲು ಕೈಗಿಟ್ಟಾಗ ರೂತ್‌ಗೆ ಹಿಡಿಸಿರಲಿಲ್ಲ. 1954ರಲ್ಲಿ ಚಕ್ ವಿಲ್ಲಿಸ್ ಬರೆದ ‘ಓ ವಾಟ್ ಎ ಡ್ರೀಮ್’, ಆಮೇಲೆ ‘ಮ್ಯಾಂಬೋ ಬೇಬಿ’. ಅಲ್ಲಿಗೆ ಐದು. ‘ಮಿಸ್ ರಿದಮ್’ ಅನ್ನುವ ಬಿರುದು ಗಾಯಕ ಫ್ರ್ಯಾಂಕಿ ಲೇನ್ ಕೊಟ್ಟದ್ದು.

ಹಲಗೆಬಳಪ:

‘ನಂಬರ್ ಒನ್’ ಅಂದರೆ ಯಾವ ಪಟ್ಟಿಯಲ್ಲಿ ಅನ್ನುವುದು ಸ್ಪಷ್ಟವಾಗಲಿ. ಬಿಲ್‌ಬೋರ್ಡ್ ಪತ್ರಿಕೆ ಕಪ್ಪುಜನರ ಸಂಗೀತದ ಪಟ್ಟಿಗೆ ‘ರೇಸ್ ರೆಕಾರ್ಡ್ಸ್’ ಅಂತ ಹೆಸರಿಟ್ಟಿತ್ತು. 1949ರ ಜೂನ್‌ನಲ್ಲಿ ಅದನ್ನು ‘ರಿದಮ್ ಅಂಡ್ ಬ್ಲೂಸ್’ ಅಂತ ಬದಲಾಯಿಸಿದರು. ಆ ಹೆಸರು ಕೊಟ್ಟ ಜೆರ್ರಿ ವೆಕ್ಸ್‌ಲರ್ ಆಗ ಅಲ್ಲಿ ಕೆಲಸದಲ್ಲಿದ್ದ, 1953ರಲ್ಲಿ ಅಟ್ಲಾಂಟಿಕ್‌ಗೇ ಪಾಲುದಾರನಾಗಿ ಬಂದ. ಆಗ ಅಂಗಡಿ ಮಾರಾಟಕ್ಕೆ ಒಂದು ಪಟ್ಟಿ, ಕಾಸು ಹಾಕಿ ಹಾಡು ಕೇಳುವ ಜ್ಯೂಕ್‌ಬಾಕ್ಸಿಗೆ ಇನ್ನೊಂದು. ಒಂದೇ ಹಾಡಿಗೆ ಎರಡು ಕಡೆ ಬೇರೆ ಬೇರೆ ವಾರಗಳ ಲೆಕ್ಕ ಸಿಗುವುದು ಅದಕ್ಕೇ. ಜಗಳ ಆಡುವ ಮುಂಚೆ ಯಾವ ಪಟ್ಟಿ ಅಂತ ನೋಡಿಕೊಳ್ಳಿ.

ಮೈಕಿನಹಿಂದೆ:

ರೇಡಿಯೋ ಬಗ್ಗೆ ಯಾರೂ ಹೇಳಲಿಲ್ಲ. ಅಮೆರಿಕದಲ್ಲಿ ಎಎಂ, ಎಫ್‌ಎಂ ಕೇಂದ್ರಗಳು ಹಾಡು ಹಾಕಿದರೆ ದುಡ್ಡು ಹೋಗುವುದು ಬರೆದವರಿಗೆ ಮತ್ತು ಪ್ರಕಾಶಕರಿಗೆ ಮಾತ್ರ. ಹಾಡಿದವರಿಗೆ ಏನೂ ಇಲ್ಲ. ಆಗಲೂ ಹಾಗೆ, ಈಗಲೂ ಹಾಗೆ. ಪ್ಲೇಟು ಮಾರಾಟದಲ್ಲೂ ಬರೆದವರ ಪಾಲು ಪ್ರತ್ಯೇಕ. 1909ರ ಕಾನೂನು ಒಂದು ಹಾಡಿಗೆ 2 ಸೆಂಟ್ ಅಂತ ನಿಗದಿ ಮಾಡಿತ್ತು, 1978ರವರೆಗೂ ಅದೇ ದರ. ರೂತ್ ಹಾಡು ಬರೆಯುವವರಲ್ಲ. ಆದ್ದರಿಂದ ಆಕೆಯ ಆದಾಯಕ್ಕೆ ಇದ್ದದ್ದು ಎರಡೇ ಬಾಗಿಲು, ಮೇಲಿನ ಶೇ. 5 ಮತ್ತು ವೇದಿಕೆ.

ನಕಲು ಹಾಡುಗಳ ಕಾಟ ಅರ್ಥವಾಗುವುದು ಇದರಿಂದಲೇ. ‘ಓ ವಾಟ್ ಎ ಡ್ರೀಮ್’ ಬಂದ ವರ್ಷವೇ ಪ್ಯಾಟಿ ಪೇಜ್ ಅದನ್ನು ಬಿಳಿಯರ ಮಾರುಕಟ್ಟೆಗೆ ಹಾಡಿದರು. ಚಕ್ ವಿಲ್ಲಿಸ್‌ಗೆ ಎರಡೂ ಪ್ಲೇಟಿನಿಂದ ಲಾಭ. ರೂತ್‌ಗೆ ಎರಡನೆಯದರಿಂದ ಸೊನ್ನೆ, ಜೊತೆಗೆ ತನ್ನ ಪ್ಲೇಟಿನ ಮಾರುಕಟ್ಟೆಯೂ ಕುಗ್ಗಿತು. ಅಟ್ಲಾಂಟಿಕ್‌ನ ಇನ್ನೊಬ್ಬ ಗಾಯಕಿ ಲಾವರ್ನ್ ಬೇಕರ್ ಹಾಡಿದ್ದ ‘ಟ್ವೀಡಲ್ ಡೀ’ಯನ್ನು ಜಾರ್ಜಿಯಾ ಗಿಬ್ಸ್ ವಾದ್ಯಸಂಯೋಜನೆ ಸಮೇತ ಎತ್ತಿಕೊಂಡಾಗ, ಬೇಕರ್ 1955ರಲ್ಲಿ ಸಂಸದ ಚಾರ್ಲ್ಸ್ ಡಿಗ್ಸ್‌ಗೆ ಪತ್ರ ಬರೆದು ಕಾನೂನು ಕೇಳಿದರು. ಫಲ ಸಿಗಲಿಲ್ಲ. ಹಾಡಿನ ಸಾಹಿತ್ಯ, ರಾಗಕ್ಕೆ ಹಕ್ಕುಸ್ವಾಮ್ಯ ಉಂಟು, ಹಾಡುವ ವರಸೆಗೆ ಇಲ್ಲ. 1976ರ ಕಾನೂನು ಕೂಡ ಬೇರೆಯವರು ಹೊಸದಾಗಿ ಹಾಡಿ ಅದೇ ಥರ ಕೇಳಿಸಿದರೆ ಅದು ಉಲ್ಲಂಘನೆಯಲ್ಲ ಅಂತಲೇ ಹೇಳುತ್ತೆ.

ಕಟ್ಟೆಹರಟೆ:

ವೇದಿಕೆಯಲ್ಲಿ ಆದರೂ ದುಡ್ಡಿತ್ತಲ್ಲ? ಅಪೋಲೋ ರಂಗಮಂದಿರ ಅಂದರೆ ಸಣ್ಣ ಜಾಗವಲ್ಲ.

ಮೈಕಿನಹಿಂದೆ:

ಇತ್ತು. ನ್ಯೂಯಾರ್ಕಿನ ಅಪೋಲೋ, ವಾಷಿಂಗ್ಟನ್ನಿನ ಹೋವರ್ಡ್, ಬಾಲ್ಟಿಮೋರಿನ ರಾಯಲ್, ಫಿಲಡೆಲ್ಫಿಯಾದ ಅಪ್‌ಟೌನ್, ಶಿಕಾಗೋದ ರೀಗಲ್. ಇವಿಷ್ಟರಲ್ಲಿ ವಾರಗಟ್ಟಲೆ ಕಾರ್ಯಕ್ರಮ, ದಿನಕ್ಕೆ ಹಲವು ಪ್ರದರ್ಶನ. ಉಳಿದ ವರ್ಷವೆಲ್ಲ ದಕ್ಷಿಣದ ರಾಜ್ಯಗಳಲ್ಲಿ ಒಂದೊಂದು ರಾತ್ರಿ ಒಂದೊಂದು ಊರು, ತಂಬಾಕು ಗೋದಾಮುಗಳಲ್ಲಿ. ನಡುವೆ ಹಗ್ಗ ಕಟ್ಟಿ ಒಂದು ಕಡೆ ಕಪ್ಪುಜನ, ಇನ್ನೊಂದು ಕಡೆ ಬಿಳಿಯರು. ಹೋಟೆಲಿಗೆ ಸೇರಿಸುತ್ತಿರಲಿಲ್ಲ. ಎಲ್ಲಿ ತಂಗಬಹುದು, ಎಲ್ಲಿ ಪೆಟ್ರೋಲ್ ಸಿಗುತ್ತೆ ಅನ್ನುವುದಕ್ಕೆ 1936ರಿಂದ ‘ಗ್ರೀನ್ ಬುಕ್’ ಎಂಬ ಕೈಪಿಡಿಯೇ ಅಚ್ಚಾಗುತ್ತಿತ್ತು.

ಆ ಸುತ್ತಾಟದ ಖರ್ಚು ಯಾರದು? ಗಾಯಕಿಯದೇ. ಬುಕಿಂಗ್ ಏಜೆಂಟ್, ಮ್ಯಾನೇಜರ್ ಇಬ್ಬರ ಪಾಲು ಒಟ್ಟು ಮೊತ್ತದ ಮೇಲೆ ಮೊದಲೇ ಹೋಗುತ್ತೆ. ಆಮೇಲೆ ವಾದ್ಯದವರ ಕೂಲಿ, ಗಾಡಿ, ಉಡುಪು. ಟಿಕೆಟ್ ಲೆಕ್ಕ ಸಂಘಟಕನ ಕೈಯಲ್ಲಿ. ರಾತ್ರಿ ಹಾಡು ಮುಗಿಯುವಷ್ಟರಲ್ಲಿ ಆತ ಪರಾರಿಯಾಗುವುದು ಆ ಕಸುಬಿನ ಮಾಮೂಲಿ ರೋಗ. ಅನುಭವಸ್ಥರು ಅರ್ಧ ಹಣ ಮುಂಗಡ, ಉಳಿದದ್ದು ವೇದಿಕೆ ಹತ್ತುವ ಮುಂಚೆ ನಗದು ಅಂತ ಪಟ್ಟು ಹಿಡಿಯುತ್ತಿದ್ದದ್ದು ಅದಕ್ಕೇ. ನಡುವೆ ಕೈ ಖಾಲಿಯಾದಾಗ ಕಂಪನಿಯಿಂದ ಮುಂಗಡ ಎತ್ತಿದರೆ ಅದೂ ಕಿರ್ದಿಯವರು ಹೇಳಿದ ಅದೇ ಖಾತೆಗೆ.

ಪ್ಲೇಟುಪುರಾಣ:

ಸರಿ, 1950ರ ದಶಕದ ಚಿತ್ರ ಸಿಕ್ಕಿತು. ಆದರೂ 30,000 ಬಾಕಿ ಎಲ್ಲಿಂದ? ಮಾದರಿ ಲೆಕ್ಕದಲ್ಲಿ ಕೊನೆಗೆ ಸ್ವಲ್ಪವಾದರೂ ಉಳಿದಿತ್ತಲ್ಲ.

ಖಾತೆ_ಕಿರ್ದಿ:

ಗೆಲ್ಲುವಷ್ಟು ಕಾಲ ಉಳಿಯುತ್ತೆ. 1957ರ ‘ಲಕ್ಕಿ ಲಿಪ್ಸ್’ ಪಾಪ್ ಪಟ್ಟಿಯಲ್ಲಿ 25, ಮರುವರ್ಷ ‘ದಿಸ್ ಲಿಟ್ಲ್ ಗರ್ಲ್ಸ್ ಗಾನ್ ರಾಕಿನ್’ 24. ಆಮೇಲೆ ಇಳಿಮುಖ. ಕೇಳುಗರು ಹದಿಹರೆಯದವರಾದರು, ಅಟ್ಲಾಂಟಿಕ್‌ನ ಗಮನ ಬಾಬಿ ಡಾರಿನ್ ಅಂಥವರ ಕಡೆ ಹೊರಳಿತು. ಖರ್ಚು ಮಾತ್ರ ಹಿಂದಿನಷ್ಟೇ, ಇಲ್ಲವೇ ಹೆಚ್ಚು, ಏಕೆಂದರೆ ಪಿಟೀಲು, ಹಿಮ್ಮೇಳ ಗಾಯಕರು ಸೇರಿಕೊಂಡಿದ್ದರು. 1961ರಲ್ಲಿ ಆಕೆ ಕಂಪನಿ ಬಿಟ್ಟಾಗ ಹೊಸ ಜಮೆಗೆ ದಾರಿ ಮುಚ್ಚಿತು, ಹಳೆಯ ಖರ್ಚು ಪುಸ್ತಕದಲ್ಲಿ ಕೂತಿತು.

ಇನ್ನು ಮರುಬಿಡುಗಡೆ. ಹಳೆಯ ಹಾಡುಗಳ ಸಂಕಲನ ಎಲ್‌ಪಿ (ಹಲವು ಹಾಡುಗಳ ದೊಡ್ಡ ಪ್ಲೇಟು) 3.98 ಡಾಲರಿಗೆ ಮಾರುತ್ತೆ, ಅದರಲ್ಲಿ ಬೇರೆ ಬೇರೆಯವರ 12 ಹಾಡು, ರೂತ್‌ದು ಒಂದು ಅನ್ನಿ. 3.98ರ ಶೇ. 90ರ ಶೇ. 5, ಅದನ್ನು 12ರಿಂದ ಭಾಗಿಸಿ: ಒಂದೂವರೆ ಸೆಂಟ್ ಹತ್ತಿರ. 20,000 ಪ್ರತಿ ಹೋದರೆ 298 ಡಾಲರ್. ಹೊರದೇಶದ ಮಾರಾಟಕ್ಕೆ ಅರ್ಧ ದರ ಅನ್ನುವುದು ಮಾಮೂಲಿ ಕಲಮು. ಇದರ ಎದುರು ಮರುಮಿಶ್ರಣ, ಮರುಬಿಡುಗಡೆಯ ಖರ್ಚನ್ನು ಹಳೆಯ ಕಲಾವಿದರ ಖಾತೆಗೇ ಬರೆದರೆ ಬಾಕಿ ಕರಗುವ ಬದಲು ಬೆಳೆಯುತ್ತೆ. ಮಾರಾಟ ಆಮೇಲಿನ ದಶಕಗಳದ್ದು, ದರ ಮಾತ್ರ 1949ರದ್ದು. ಸಮಸ್ಯೆಯ ಬೇರು ಅಲ್ಲಿದೆ.

ಮೇಲಾಗಿ 1960ರ ದಶಕದ ನಡುವಿನಿಂದ ಲೆಕ್ಕಪತ್ರ ಬರುವುದೇ ನಿಂತಿತ್ತು. ಬಾಕಿ ಇರುವವರಿಗೆ ಕೊಡಬೇಕಾದದ್ದು ಏನೂ ಇಲ್ಲ, ಮತ್ತೇಕೆ ಲೆಕ್ಕ ಕಳಿಸುವುದು ಅನ್ನುವ ಧೋರಣೆ.

ಹಲಗೆಬಳಪ:

ಆ ನಡುವಿನ ವರ್ಷಗಳು: ಲಾಂಗ್ ಐಲೆಂಡಿನಲ್ಲಿ ಶಾಲಾ ಬಸ್ ಓಡಿಸಿದರು, ಮನೆಗೆಲಸ ಮಾಡಿದರು, ಚಿಕ್ಕಮಕ್ಕಳ ಶಾಲೆಯಲ್ಲಿ ದುಡಿದರು, ಇಬ್ಬರು ಗಂಡುಮಕ್ಕಳನ್ನು ಬೆಳೆಸಿದರು. ಪೂರ್ತಿ ಮೌನವಾಗಿದ್ದರು ಅನ್ನುವುದು ತಪ್ಪು. 1962ರಲ್ಲಿ ಫಿಲಿಪ್ಸ್‌ಗೆ ಎರಡು ಎಲ್‌ಪಿ, 1968ರಲ್ಲಿ ಥ್ಯಾಡ್ ಜೋನ್ಸ್–ಮೆಲ್ ಲೂಯಿಸ್ ದೊಡ್ಡ ತಂಡದ ಜೊತೆ ಒಂದು. ಈ ಕೊನೆಯದು ಹೆಚ್ಚು ಜನ ಕೇಳದ, ಆದರೆ ಆಕೆಯ ದನಿ ಮಾಗಿದ್ದು ಚೆನ್ನಾಗಿ ಗೊತ್ತಾಗುವ ಪ್ಲೇಟು. 1970ರ ದಶಕದ ನಡುವೆ ಹಾಸ್ಯನಟ ರೆಡ್ ಫಾಕ್ಸ್ ನೆರವಿನಿಂದ ಲಾಸ್ ಏಂಜಲೀಸಿನಲ್ಲಿ ‘ಸೆಲ್ಮಾ’ ಎಂಬ ಸಂಗೀತ ನಾಟಕದಲ್ಲಿ ಭಕ್ತಿಗೀತೆಗಳ ಗಾಯಕಿ ಮಹಾಲಿಯಾ ಜಾಕ್ಸನ್ ಪಾತ್ರ. ಆಮೇಲೆ ಟಿವಿ. 1988ರಲ್ಲಿ ಜಾನ್ ವಾಟರ್ಸ್‌ನ ‘ಹೇರ್‌ಸ್ಪ್ರೇ’ ಚಿತ್ರದಲ್ಲಿ ಮೋಟರ್‌ಮೌತ್ ಮೇಬೆಲ್. 1989ರಲ್ಲಿ ಬ್ರಾಡ್‌ವೇಯ ‘ಬ್ಲ್ಯಾಕ್ ಅಂಡ್ ಬ್ಲೂ’ಗೆ ಟೋನಿ ಪ್ರಶಸ್ತಿ, ಅದೇ ವರ್ಷದ ‘ಬ್ಲೂಸ್ ಆನ್ ಬ್ರಾಡ್‌ವೇ’ ಆಲ್ಬಮ್ಮಿಗೆ ಗ್ರ್ಯಾಮಿ. ಅರವತ್ತೊಂದನೇ ವಯಸ್ಸಿನಲ್ಲಿ!

ಕರಾರುವಾಕ್ಕು:

ಹೋರಾಟದ ಭಾಗ ನಾನು ಹೇಳುತ್ತೇನೆ. ಇದನ್ನು ಜನ ‘ಕೋರ್ಟಿನಲ್ಲಿ ಗೆದ್ದರು’ ಅಂತ ಬರೆದುಬಿಡುತ್ತಾರೆ. ಹಾಗಲ್ಲ.

ವಾಷಿಂಗ್ಟನ್ನಿನ ವಕೀಲ ಹೋವೆಲ್ ಬೆಗ್ಲ್ ಆಕೆಯ ಅಭಿಮಾನಿ. ಹಳೆಯ ಪ್ಲೇಟುಗಳಿಗೆ ರಾಯಲ್ಟಿ ಬರುತ್ತಿಲ್ಲ ಅನ್ನುವುದು ಗೊತ್ತಾಗಿ ಕಡತ ಕೈಗೆತ್ತಿಕೊಂಡರು. ಮೊದಲ ಅಡ್ಡಿ ಕಾಲಮಿತಿ. ನ್ಯೂಯಾರ್ಕ್ ಕಾನೂನಿನಲ್ಲಿ ಕರಾರು ಉಲ್ಲಂಘನೆಗೆ ಆರು ವರ್ಷದೊಳಗೆ ದಾವೆ ಹೂಡಬೇಕು. 1952ರಲ್ಲಿ ಕಂಪನಿ ಕೊಡಬೇಕಿದ್ದ ರಾಯಲ್ಟಿಯನ್ನು 1985ರಲ್ಲಿ ನೇರವಾಗಿ ಕೇಳಿದರೆ ಮೊದಲ ದಿನವೇ ವಜಾ. ಎರಡನೇ ಅಡ್ಡಿ ದಾಖಲೆ. ಎಷ್ಟು ಮಾರಾಯಿತು ಅನ್ನುವ ಪುಸ್ತಕ ಎದುರಾಳಿಯ ಹತ್ತಿರವೇ ಇರುತ್ತೆ. ಮೂರನೆಯದು ಖರ್ಚು: ಒಬ್ಬರ ರಾಯಲ್ಟಿಗಾಗಿ ಲೆಕ್ಕಪರಿಶೋಧನೆ ಮಾಡಿಸಿದರೆ ಸಿಗುವ ಹಣಕ್ಕಿಂತ ಪರಿಶೋಧಕರ ಬಿಲ್ಲೇ ದೊಡ್ಡದಾಗಬಹುದು.

ಬೆಗ್ಲ್ ಹಿಡಿದ ದಾರಿ ಮೂರು ಎಳೆಯದು. ಒಂದು, ರೂತ್ ಒಬ್ಬರದಲ್ಲ, ಅದೇ ಕಾಲದ ಅನೇಕ ಕಲಾವಿದರ ಖಾತೆಗಳನ್ನು ಒಟ್ಟಿಗೆ ಹಿಡಿದು ತಪ್ಪಿನ ಮಾದರಿ ತೋರಿಸುವುದು. ಒಬ್ಬರಲ್ಲಿ ಕಂಡರೆ ಕೈತಪ್ಪು, ಮೂವತ್ತು ಜನರಲ್ಲಿ ಕಂಡರೆ ಪದ್ಧತಿ. ಎರಡು, ಪತ್ರಿಕೆ ಮತ್ತು ಟಿವಿ. ಮೂರು, ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಸಾಕ್ಷ್ಯ. ರೂತ್ ಸ್ವತಃ ಹೋಗಿ ಹೇಳಿಕೆ ಕೊಟ್ಟರು.

1988ರ ಮೇ 14ಕ್ಕೆ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ ಅಟ್ಲಾಂಟಿಕ್‌ನ ನಲವತ್ತರ ಹಬ್ಬ. ಹಳೆಯ ಗಾಯಕರನ್ನು ವೇದಿಕೆಗೆ ಕರೆಯಬೇಕು, ಅವರೇ ದುಡ್ಡು ಬಂದಿಲ್ಲ ಅನ್ನುತ್ತಿದ್ದಾರೆ. ಆ ಹಬ್ಬಕ್ಕೆ ಸ್ವಲ್ಪ ಮುಂಚೆ ಒಪ್ಪಂದ ಆಯಿತು. ರೂತ್ ಮತ್ತು ಇತರ ಮೂವತ್ತಕ್ಕೂ ಹೆಚ್ಚು ಕಲಾವಿದರ ಹಳೆಯ ಬಾಕಿ ಮನ್ನಾ, 1970ರಿಂದ ಈಚಿನ ರಾಯಲ್ಟಿ ಮರುಲೆಕ್ಕ, ಜೊತೆಗೆ ರಿದಮ್ ಅಂಡ್ ಬ್ಲೂಸ್ ಫೌಂಡೇಶನ್ ಎಂಬ ಹೊಸ ಸಂಸ್ಥೆಗೆ 20 ಲಕ್ಷ ಡಾಲರಿಗೆ ಹತ್ತಿರದ ದೇಣಿಗೆ. ರೂತ್ ಕೈಗೆ ಬಂದ ಮೊದಲ ಚೆಕ್ಕು 20,000 ಡಾಲರ್ ಆಸುಪಾಸು.

ಕಟ್ಟೆಹರಟೆ:

ಬರೀ ಇಪ್ಪತ್ತು ಸಾವಿರ? ಅಷ್ಟು ದೊಡ್ಡ ಜಗಳಕ್ಕೆ?

ಕರಾರುವಾಕ್ಕು:

ಅಸಲಿ ಗೆಲುವು ಚೆಕ್ಕಿನ ಮೊತ್ತದಲ್ಲಿಲ್ಲ, ಬಾಕಿ ಮನ್ನಾದಲ್ಲಿದೆ. 30,000 ಬಾಕಿ ಹಾಗೇ ಇದ್ದಿದ್ದರೆ ಮುಂದಿನ ಸಿಡಿ ಮಾರಾಟದ ಪ್ರತಿ ಸೆಂಟೂ ಅದಕ್ಕೇ ಜಮೆಯಾಗುತ್ತಿತ್ತು, ಆಕೆಯ ಜೀವಮಾನದಲ್ಲಿ ತೀರುತ್ತಿರಲಿಲ್ಲ. ಖಾತೆ ಸೊನ್ನೆಗೆ ಬಂದ ಮೇಲೆ ಮೊದಲ ಪ್ರತಿಯಿಂದಲೇ ಹಣ. 1989ರಲ್ಲಿ ಅಟ್ಲಾಂಟಿಕ್ ಆಕೆಯ 40 ಹಾಡುಗಳ ಜೋಡಿ ಸಿಡಿ ತಂದಿತು. ಅದು ಸಿಡಿ ಮಾರುಕಟ್ಟೆ ಏರುತ್ತಿದ್ದ ಕಾಲ. ಹಳೆಯ ಪ್ಲೇಟು ಇದ್ದವರೂ ಹೊಸದಾಗಿ ಕೊಳ್ಳುತ್ತಿದ್ದರು. ಆ ಹೊತ್ತಿಗೆ ಒಪ್ಪಂದ ಮುಗಿದಿದ್ದದ್ದು ದೊಡ್ಡದು.

ಫೌಂಡೇಶನ್ ಕೆಲಸವೂ ಬರೀ ಸನ್ಮಾನವಲ್ಲ. 1989ರಿಂದ ‘ಪಯೊನೀರ್’ ಪ್ರಶಸ್ತಿಯ ಜೊತೆ ನಗದು, ಕಾಯಿಲೆ ಬಿದ್ದ ಹಳೆಯ ಕಲಾವಿದರಿಗೆ ವೈದ್ಯಕೀಯ ನೆರವು. ಕರಾರು ಕೆಲಸಗಾರರಿಗೆ ಪಿಂಚಣಿಯೂ ಇಲ್ಲ, ವಿಮೆಯೂ ಇಲ್ಲ. ಸೂಪರ್‌ಹಿಟ್ ಕೊಟ್ಟವರ ಅಂತ್ಯಸಂಸ್ಕಾರಕ್ಕೆ ಚಂದಾ ಎತ್ತುವ ಪರಿಸ್ಥಿತಿ ಆ ಪೀಳಿಗೆಯಲ್ಲಿ ಅಪರೂಪವಾಗಿರಲಿಲ್ಲ.

ಮೈಕಿನಹಿಂದೆ:

ಡಿಜಿಟಲ್ ಕಾಲದ ಬಾಲವನ್ನೂ ಸೇರಿಸುತ್ತೇನೆ. ಉಪಗ್ರಹ ರೇಡಿಯೋ, ಇಂಟರ್‌ನೆಟ್ ರೇಡಿಯೋಗಳಿಗೆ ಬೇರೆ ಕಾನೂನು, ಅಲ್ಲಿ ಹಾಡಿದವರಿಗೂ ಪಾಲುಂಟು. ಆ ಹಣ ವಸೂಲು ಮಾಡಿ ಹಂಚುವ ಸೌಂಡ್‌ಎಕ್ಸ್‌ಚೇಂಜ್ ಸಂಸ್ಥೆಯ ಮೂಲಕ ಶೇ. 50 ಧ್ವನಿಮುದ್ರಣದ ಮಾಲೀಕರಿಗೆ, ಶೇ. 45 ಮುಖ್ಯ ಕಲಾವಿದರಿಗೆ, ಶೇ. 5 ಹಿನ್ನೆಲೆಯವರಿಗೆ. ಕಲಾವಿದರ ಪಾಲು ನೇರವಾಗಿ ಅವರಿಗೇ ಹೋಗುತ್ತೆ, ಕಂಪನಿಯ ಹಳೆಯ ಬಾಕಿಗೆ ಮುರಿದುಕೊಳ್ಳುವುದಿಲ್ಲ. ಆದರೆ ಅಮೆರಿಕದಲ್ಲಿ ಧ್ವನಿಮುದ್ರಣಕ್ಕೆ ಕೇಂದ್ರದ ಹಕ್ಕುಸ್ವಾಮ್ಯ ಸಿಕ್ಕಿದ್ದೇ 1972ರ ಫೆಬ್ರವರಿ 15ರಿಂದ. ಅದಕ್ಕೂ ಹಿಂದಿನ ಹಾಡುಗಳಿಗೆ ಕೊಡಬೇಕಾಗಿಲ್ಲ ಅಂತ ಕೆಲವು ಸೇವೆಗಳು ವಾದಿಸಿದವು. ಆ ತೂತು ಮುಚ್ಚಿದ್ದು 2018ರ ಸಂಗೀತ ಆಧುನೀಕರಣ ಕಾಯಿದೆಯಲ್ಲಿ. ರೂತ್ ಅಷ್ಟೊತ್ತಿಗೆ ಇರಲಿಲ್ಲ, 2006ರ ನವೆಂಬರ್ 17ರಂದು ನೆವಾಡಾದಲ್ಲಿ ತೀರಿಕೊಂಡಿದ್ದರು. ಪಾಲು ವಾರಸುದಾರರಿಗೆ.

ಎಪ್ಪತ್ತೆಂಟರಮುಳ್ಳು:

ಹಾಡು ಕೇಳಲು ಹೊರಡುವವರಿಗೆ ಕೆಲವು ಮಾತು.

ಪ್ಲೇಟಿನ ಮೇಲೆ ಅಚ್ಚಾಗಿರುವ ಕ್ರಮಸಂಖ್ಯೆಗಳನ್ನು ಬರೆದಿಟ್ಟುಕೊಳ್ಳಿ. ‘ಸೋ ಲಾಂಗ್’ ಅಟ್ಲಾಂಟಿಕ್ 879, ‘ಟಿಯರ್‌ಡ್ರಾಪ್ಸ್’ 919, ‘5-10-15’ 962, ‘ಮಾಮಾ’ 986, ‘ಓ ವಾಟ್ ಎ ಡ್ರೀಮ್’ 1036, ‘ಮ್ಯಾಂಬೋ ಬೇಬಿ’ 1044. 45ರ ಪ್ಲೇಟಾದರೆ ಸಂಖ್ಯೆಯ ಮುಂದೆ 45 ಅಂತ ಇರುತ್ತೆ.

78ರ (ನಿಮಿಷಕ್ಕೆ 78 ಸುತ್ತಿನ) ಪ್ಲೇಟನ್ನು ಎಲ್‌ಪಿಯ ಮುಳ್ಳಿನಲ್ಲಿ ಹಾಕಬೇಡಿ. 78ರ ಗೀರು ಅಗಲ, ಅದಕ್ಕೆ 3 ಮಿಲ್ (ಇಂಚಿನ ಸಾವಿರದಲ್ಲಿ ಮೂರು ಭಾಗ) ಮುಳ್ಳು ಬೇಕು. ಎಲ್‌ಪಿಯದು 1 ಮಿಲ್ ಅಥವಾ ಇನ್ನೂ ಸಣ್ಣ. ಸಣ್ಣ ಮುಳ್ಳು ಗೀರಿನ ತಳಕ್ಕೆ ಬಿದ್ದು ಅಲ್ಲಿನ ಧೂಳನ್ನೇ ಓದುತ್ತೆ. ದನಿಗಿಂತ ಕರಕರ ಹೆಚ್ಚು ಕೇಳುವುದು ಅದಕ್ಕೆ. ಮುಳ್ಳಿನ ಭಾರ 3ರಿಂದ 5 ಗ್ರಾಂ. ಸ್ಟೀರಿಯೋ ಕಾರ್ಟ್ರಿಜ್ (ಮುಳ್ಳು ಕೂರುವ ಭಾಗ) ಇದ್ದರೆ ಆಂಪ್ಲಿಫೈಯರಿನಲ್ಲಿ ಮೋನೋ ಒತ್ತಿ, ಮೇಲೆ ಕೆಳಗೆ ಕುಣಿಯುವ ಗದ್ದಲ ರದ್ದಾಗುತ್ತೆ. ಶೆಲಾಕ್ ಪ್ಲೇಟು ತೊಳೆಯಲು ಆಲ್ಕೋಹಾಲ್ ಇರುವ ದ್ರಾವಣ ಬಳಸಿದರೆ ಪ್ಲೇಟೇ ಕರಗುತ್ತೆ. ಭಟ್ಟಿ ಇಳಿಸಿದ ನೀರು, ಎರಡು ಹನಿ ಪಾತ್ರೆ ತೊಳೆಯುವ ಸೋಪು ಸಾಕು, ಲೇಬಲ್ ನೆನೆಯದಂತೆ ನೋಡಿಕೊಳ್ಳಿ.

ಕೆಳಸ್ವರ, ಮೇಲ್ಸ್ವರಗಳ ಹೊಂದಾಣಿಕೆಯನ್ನೂ (ಈಕ್ವಲೈಸೇಶನ್) ಗಮನಿಸಿ. ಅದಕ್ಕೆ ಆರ್‌ಐಎಎ ಎಂಬ ಏಕರೂಪದ ಮಾನದಂಡ ಬಂದದ್ದು 1954ರಲ್ಲಿ. ಅದಕ್ಕೂ ಹಿಂದಿನ ಪ್ಲೇಟುಗಳನ್ನು ಈಗಿನ ಫೋನೋ ಆಂಪಿನಲ್ಲಿ ಹಾಗೇ ಹಾಕಿದರೆ ಕೆಲವೊಮ್ಮೆ ದನಿ ಮಂಕು, ಕೆಳಸ್ವರ ಉಬ್ಬು. ಟ್ರೆಬಲ್ (ಮೇಲ್ಸ್ವರದ ಮಟ್ಟ) ಸ್ವಲ್ಪ ಏರಿಸಿ ನೋಡಿ. ರೂತ್ ವಿಷಯದಲ್ಲಿ ಇದು ಮುಖ್ಯ, ಏಕೆಂದರೆ ಷಡ್ಜಪಂಚಮ ಅವರು ಹೇಳಿದ ಕೀರಲು ಇರುವುದೇ ಮೇಲಿನ ಆವರ್ತನಗಳಲ್ಲಿ. ಟ್ರೆಬಲ್ ಕಡಿಮೆಯಾದರೆ ಆಕೆ ಯಾರೋ ಆಗಿಬಿಡುತ್ತಾರೆ.

ಎಲ್‌ಪಿಗಳಲ್ಲಿ 1957ರ ‘ರಾಕ್ ಅಂಡ್ ರೋಲ್’ (8004) ಮೊದಲ ಮುದ್ರಣ ಕಪ್ಪು ಲೇಬಲ್, ಮೋನೋ. 1950ರ ದಶಕದ ಮೊದಲ ಭಾಗದ ಹಾಡುಗಳ ಮೇಲೆ ಎಲ್ಲಾದರೂ ‘ಸ್ಟೀರಿಯೋ’ ಅಂತ ಕಂಡರೆ ಕೊಳ್ಳಬೇಡಿ. ಮೋನೋ ಟೇಪನ್ನು ಎರಡು ಕಡೆಗೆ ಸೀಳಿ ಪ್ರತಿಧ್ವನಿ ಬೆರೆಸಿದ ಕೃತಕ ಕೆಲಸ ಅದು.

ಷಡ್ಜಪಂಚಮ:

ಬಿಡುಗಡೆಯಾಗದ ಟೇಕ್‌ಗಳು (ಒಂದೇ ಹಾಡನ್ನು ಮತ್ತೆ ಮತ್ತೆ ಹಾಡಿದ ಮುದ್ರಣಗಳು) ಏನಾದರೂ ಉಳಿದಿವೆಯೇ? ‘ಮಾಮಾ’ ಹಾಡಿನ ಬೇರೆ ಟೇಕ್ ಸಿಕ್ಕರೆ ಕೀರಲು ಎಲ್ಲೆಲ್ಲಿ ಹಾಕಿದ್ದಾರೆ ಅಂತ ಹೋಲಿಸಬಹುದಿತ್ತು.

ಎಪ್ಪತ್ತೆಂಟರಮುಳ್ಳು:

ಆಸೆ ಇಟ್ಟುಕೊಳ್ಳಬೇಡಿ. 1978ರ ಫೆಬ್ರವರಿಯಲ್ಲಿ ನ್ಯೂಜೆರ್ಸಿಯ ಲಾಂಗ್ ಬ್ರಾಂಚಿನಲ್ಲಿ ಅಟ್ಲಾಂಟಿಕ್‌ನ ಟೇಪು ಗೋದಾಮು ಸುಟ್ಟುಹೋಯಿತು. ಹಲವು ಸಾವಿರ ರೀಲು ಬೂದಿ. ಅದರಲ್ಲಿ ಹೆಚ್ಚಿನವು ಬಿಡುಗಡೆಯಾಗದ ಟೇಕ್‌ಗಳೇ. ಬಿಡುಗಡೆಯಾದ ಹಾಡುಗಳ ಮೂಲ ಟೇಪುಗಳು ಬಹುಪಾಲು ಬೇರೆ ಕಡೆ ಇದ್ದು ಉಳಿದುಕೊಂಡವು. ಹೋಲಿಸಲೇಬೇಕಿದ್ದರೆ 1953ರ ಪ್ಲೇಟನ್ನೂ ಆಕೆ ವಯಸ್ಸಾದ ಮೇಲೆ ವೇದಿಕೆಯಲ್ಲಿ ಹಾಡಿದ ಅದೇ ಹಾಡನ್ನೂ ಪಕ್ಕಪಕ್ಕ ಇಟ್ಟು ಕೇಳಿ. ಶ್ರುತಿ ಇಳಿದಿದೆ, ದನಿ ಒರಟಾಗಿದೆ.

ಷಡ್ಜಪಂಚಮ:

ಕೇಳಿದೆ. ಕೀರಲು ಕಡಿಮೆಯಾಗಿದೆ, ಹಾಕಿದ ಕಡೆ ಮಾತ್ರ ಒಡೆಯುವ ಜಾಗ ಅದೇ, ಕೊನೆಯ ಅಕ್ಷರದ ತುದಿ.